ಮಂಗಳವಾರದ ಕೋಳಿ

ಪ್ರೆಸ್ಸು ಮುಚ್ಚಿ ಮೂರು ತಿಂಗಳಾಗಿತ್ತು. ಒಂದು ಮಂಗಳವಾರ ಬೆಳಗ್ಗೆ ನಾನು ಜೀವನದಲ್ಲಿ ಮೊದಲ ಸಲ ಇಡೀ ಕೋಳಿಯೊಂದನ್ನು ತುಂಡು ಮಾಡಿಸದೆ ಮನೆಗೆ ತಂದೆ. ಅಂಗಡಿಯವನು ಪುಕ್ಕ, ಚರ್ಮ ತೆಗೆದು, ಹೊಟ್ಟೆ ತೊಳೆದು, ಮರದ ದಿಮ್ಮಿಯ ಮೇಲಿಟ್ಟು ಕತ್ತಿ ಎತ್ತಿದ್ದ. "ಬ್ಯಾಡ್ರಿ, ಹಂಗಽ ಕೊಟ್ಟುಬಿಡ್ರಿ" ಅಂದೆ. ಎತ್ತಿದ ಕೈ ಎತ್ತಿದಂತೆಯೇ ಅವನು ನನ್ನ ಮುಖ ನೋಡಿದ.

"ತಂದೂರಿ ಮಾಡ್ತೀರಾ ಸಾರ್?"

"ಹೂಂ" ಅಂದುಬಿಟ್ಟೆ. ನಮ್ಮ ಮನೆಯಲ್ಲಿದ್ದದ್ದು ಒಂದು ಗ್ಯಾಸ್ ಒಲೆ, ಒಂದು ಕುಕ್ಕರ್, ನಾಲ್ಕು ಪಾತ್ರೆ. ತಂದೂರಿಯನ್ನು ನಾನು ನೋಡಿದ್ದು ಹೋಟೆಲಿನ ಬೋರ್ಡಿನ ಮೇಲೆ ಬರೆದ ಚಿತ್ರದಲ್ಲಿ ಮಾತ್ರ. ಆದರೆ ಈ ಒಂದು ಕೋಳಿಯಲ್ಲಿ ನಾಲ್ಕು ಜನ ಮೂರು ದಿನ ಉಣ್ಣಬೇಕಾಗಿದೆ ಎಂದು ಅವನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ.

ಹಾಗೆ ತರಬೇಕೆಂದು ಹೇಳಿಕೊಟ್ಟವರು ನಮ್ಮ ಮನೆಯ ಓನರಮ್ಮ. ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿದ್ದ ಕಾಲ. ನಾವು ಬಿಟಿಎಂ ಲೇಔಟಿನಲ್ಲಿ ಅವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೆವು. ಮುಂದಿನ ಮನೆಯಲ್ಲಿ ಓನರಮ್ಮ, ಮಹಡಿಯ ಮೇಲೆ ಅವರ ಮಗ, ಸೊಸೆ. ಮೊದಲು ಅಲ್ಲೆಲ್ಲ ಅವರ ರಾಗಿ ಹೊಲವಿತ್ತಂತೆ. ಹೊಲ ಹೋಗಿ ಸೈಟುಗಳಾಗಿ, ಸೈಟುಗಳ ಮೇಲೆ ಮನೆಗಳೆದ್ದು ವರ್ಷಗಳಾಗಿದ್ದರೂ ಅವರು ಎದುರಿನ ಮುಖ್ಯ ರಸ್ತೆಯನ್ನು, ಅದಿನ್ನೂ ಹೊಲದ ಬದುವೇ ಎಂಬಂತೆ, "ಬದ" ಎಂದೇ ಕರೆಯುತ್ತಿದ್ದರು. "ಬದದ ಆಚೆ ಒಂದು ತರಕಾರಿ ಗಾಡಿ ಬರ್ತದೆ, ಅಲ್ಲಿ ತಗೋ" ಎಂದು ನನಗೆ ದಾರಿ ಹೇಳುತ್ತಿದ್ದರು.

ನಾನು ಗದಗಿನ ಕಡೆಯವನು. ಅಚ್ಚುಮೊಳೆ ಜೋಡಿಸುವುದನ್ನು ಊರಲ್ಲಿ ಕಲಿತು, ಬೆಂಗಳೂರಿಗೆ ಬಂದು, ಜಯನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಕೂಡಿಸುವುದನ್ನು ಕಲಿತಿದ್ದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕಾಲೇಜು ಹುಡುಗರ ನೋಟ್ಸು, ಇವೇ ನಮ್ಮ ಕೆಲಸ. ಒಂದು ಶನಿವಾರ ಮಾಲೀಕರು ನಮ್ಮನ್ನೆಲ್ಲ ಕೂರಿಸಿ, ಚಹಾ ತರಿಸಿ, ಮಷಿನ್ನುಗಳನ್ನು ಮಾರಿಬಿಟ್ಟೆ ಎಂದರು. ಅವರ ಕಣ್ಣಲ್ಲೂ ನೀರಿತ್ತು. ಹಾಗಾಗಿ ಜಗಳ ಆಡಲೂ ಆಗಲಿಲ್ಲ. ಆಮೇಲೆ ಜಯನಗರ, ಜೆ.ಪಿ. ನಗರ, ಬನಶಂಕರಿ ಎಲ್ಲ ಸುತ್ತಿದೆ. ಎಲ್ಲ ಕಡೆಯೂ ನನಗಿಂತ ಹದಿನೈದು ವರ್ಷ ಚಿಕ್ಕವರು, ನನಗೆ ಗೊತ್ತಿಲ್ಲದ ಸಾಫ್ಟ್‌ವೇರ್‌ಗಳ ಹೆಸರು ಹೇಳುತ್ತ, ಸಾಲಿನಲ್ಲಿ ನನ್ನ ಮುಂದೆ ಕೂತಿರುತ್ತಿದ್ದರು.

ನನ್ನ ಹೆಂಡತಿಗೆ ಹೊಲಿಗೆ ಬರುತ್ತಿತ್ತು. ಪಕ್ಕದ ಬೀದಿಯ ಹೆಂಗಸೊಬ್ಬರ ಜೊತೆ ಒಂದು ದಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗಿ ಬಂದಳು. ಮುಂದಿನ ವಾರ ಅಲ್ಲಿ ಅಂಗಿಗೆ ಕಾಲರ್ ಕೂಡಿಸುವ ಸಾಲಿನಲ್ಲಿ ಕೂತಿದ್ದಳು. ಬೆಳಗ್ಗೆ ಎಂಟಕ್ಕೆ ಹೊರಟರೆ ಸಿಲ್ಕ್ ಬೋರ್ಡಿನ ಗದ್ದಲ ದಾಟಿ ವಾಪಸ್ಸು ಬರುವಾಗ ಸಂಜೆ ಏಳು. ಮೊದಲ ಕೆಲವು ದಿನ ನಸುಕಿನಲ್ಲೇ ಎದ್ದು ಅಡಿಗೆ ಮುಗಿಸಿಯೇ ಹೋಗುತ್ತಿದ್ದಳು. ಒಂದು ಬೆಳಗ್ಗೆ ಹಾಲು ಉಕ್ಕಿ ಒಲೆ ಆರಿದ ವಾಸನೆಗೆ ನಾನು ಎದ್ದು ಬಂದೆ. ನೋಡಿದರೆ ಅವಳು ಗೋಡೆಗೆ ಒರಗಿ, ನಿಂತಲ್ಲೇ ನಿದ್ದೆ ಹೋಗಿದ್ದಾಳೆ. ಗ್ಯಾಸ್ ಬಂದ್ ಮಾಡಿ, ಅವಳ ಕೈಯಿಂದ ಸೌಟು ತಗೊಂಡೆ.

"ನಾಳಿಂದ ನಾ ಮಾಡ್ತೀನಿ, ಬಿಡು."

"ನಿಮಗೇನ್ ಬರ್ತದರೀ?"

"ಕಲೀತೀನಿ."

ಕಲಿಯುವುದು ಅಷ್ಟು ಸುಲಭವಿರಲಿಲ್ಲ. ನಾನು ಮಾಡಿದ ಉಪ್ಪಿಟ್ಟನ್ನು ಚಮಚೆಯಿಂದಲ್ಲ, ಚಾಕುವಿನಿಂದ ತೆಗೆಯಬೇಕಾಗಿತ್ತು. ಎಂಟು ವರ್ಷದ ಮಗಳು ಏನೂ ಅನ್ನದೆ ನುಂಗುತ್ತಿದ್ದಳು. ನಾಲ್ಕು ವರ್ಷದ ಮಗನಿಗೆ ಆ ಸೌಜನ್ಯ ಇರಲಿಲ್ಲ. ಮೊದಲು ಭಾನುವಾರ ಭಾನುವಾರ ಅರ್ಧ ಕೇಜಿ ಕೋಳಿ ತರುತ್ತಿದ್ದೆವು. ಈಗ ಅದು ನಿಂತುಹೋಗಿತ್ತು. ಕೋಳಿ ಅಂಗಡಿಯ ಮುಂದೆ ಹಾದಾಗಲೆಲ್ಲ ಮಗ ನನ್ನ ಬೆರಳು ಎಳೆಯುತ್ತಿದ್ದ. ಒಂದು ಭಾನುವಾರ ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತ. ಓನರಮ್ಮ ಹಿತ್ತಲ ಬಾಗಿಲಿಗೆ ಬಂದರು.

"ಯಾಕಪ್ಪಾ ಮಗು ಹಂಗೆ ಅಳ್ತೈತೆ?"

"ಕೋಳಿ ಬೇಕಂತರಿ ಅಮ್ಮಾ."

"ಕೊಡ್ಸು ಮತ್ತೆ. ಅಳಿಸ್ತಾರಾ ಅದಕ್ಕೆ?"

ನಾನು ನೆಲ ನೋಡಿದೆ. "ಅರ್ಧ ಕೇಜಿ ಒಂದ ಹೊತ್ತಿಗೆ ಮುಗೀತದರಿ. ಸದ್ಯಕ್ಕ ಬ್ಯಾಡ ಅಂತ..."

ಪ್ರೆಸ್ಸು ಮುಚ್ಚಿದ್ದು ಅವರಿಗೆ ಗೊತ್ತಿತ್ತು. ನಾನು ದಿನವಿಡೀ ಮನೆಯಲ್ಲಿರುವುದನ್ನು ನೋಡುತ್ತಲೇ ಇದ್ದರು. ಆದರೆ ಅವರ ಮುಖದಲ್ಲಿ ಕನಿಕರ ಬರಲಿಲ್ಲ, ಸಿಟ್ಟು ಬಂತು.

"ಅರ್ಧ ಕೇಜಿ ತರೋನ್ಗೆ ಯಾವತ್ತೂ ಸಾಲಲ್ಲ ಕಣಪ್ಪ. ಇಡೀದು ತಗೊಂಬಾ. ಅಂಗಡಿಯೋನ ಕೈಲಿ ಚೂರು ಮಾಡಿಸ್ಬೇಡ, ಅವನು ಎಲ್ಲಾ ಕೊಚ್ಚಿ ಒಂದೇ ಮಾಡಿ ಕೊಡ್ತಾನೆ. ತಂದು ನಂತಾವ ಕೊಡು. ಮೂರು ದಿನ ಉಣ್ಣಂಗೆ ಮಾಡ್ಕೊಡ್ತೀನಿ."

"ಮೂರ ದಿನಾ ಹೆಂಗ ಇಡೂದರಿ? ನಮ್ಮಲ್ಲಿ ಫ್ರಿಜ್ಜಿಲ್ಲ."

"ನಂದೈತಲ್ಲ? ಕೆಳಗಿನ ತಟ್ಟೆ ನಿಂದು. ಆದ್ರೆ ಭಾನುವಾರ ತರ್ಬೇಡ. ಸೋಮವಾರ ದೇವರ ವಾರ, ಅವತ್ತು ನನ್ ಫ್ರಿಜ್ಜಲ್ಲಿ ಮಾಂಸ ಇರಂಗಿಲ್ಲ. ಶನಿವಾರನೂ ಅಷ್ಟೇಯ. ಮಂಗಳವಾರ ತಾ."

ಹೀಗೆ ನಮ್ಮ ಮನೆಯ ಭಾನುವಾರ ಮಂಗಳವಾರಕ್ಕೆ ಬಂತು.

ಆ ಮೊದಲ ಕೋಳಿಯನ್ನು ಓನರಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇರಿಸಿಕೊಂಡರು. ಅರವತ್ತು ದಾಟಿದ ಹೆಂಗಸು, ಕೈಬೆರಳು ಗಂಟುಗಂಟಾಗಿದ್ದವು. ಆದರೆ ಚಾಕು ಹಿಡಿದಾಗ ಆ ಬೆರಳುಗಳು ಬೇರೆಯವರ ಬೆರಳಾಗುತ್ತಿದ್ದವು. ನಾನು ಹುಮ್ಮಸ್ಸಿನಿಂದ ಮೂಳೆ ಕಡಿಯಲು ಹೋದೆ. ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಮೂಳೆ ಕಡೀಬೇಡ. ಕೀಲು ಹುಡುಕು. ಕಾಲು ಹಿಂಗೆ ತಿರುವು, ಎಲ್ಲಿ ಅಲ್ಲಾಡ್ತೈತೆ ನೋಡು. ಅಲ್ಲಿ ಚಾಕು ಇಟ್ರೆ ಸಾಕು, ಅದೇ ಬಿಟ್ಕೊಳ್ತದೆ."

ಬಿಟ್ಟುಕೊಂಡಿತು. ಎರಡು ಕಾಲು, ಎರಡು ರೆಕ್ಕೆ ಒಂದು ಕಡೆ. ಎದೆಯ ಮಾಂಸವನ್ನು ಮೂಳೆಯಿಂದ ಬಿಡಿಸಿ ಇನ್ನೊಂದು ಡಬ್ಬಿಗೆ. ಬೆನ್ನು, ಕತ್ತು, ಎದೆಗೂಡು ಮತ್ತೊಂದಕ್ಕೆ. ಹೊಟ್ಟೆಯ ಬಳಿಯ ಹಳದಿ ಕೊಬ್ಬನ್ನು ನಾನು ಎಸೆಯಲು ಹೋದರೆ ಅದಕ್ಕೂ ಬೈಗುಳ ತಿಂದೆ. ಅದನ್ನು ಕಾಯಿಸಿದರೆ ಒಗ್ಗರಣೆಗೆ ಎಣ್ಣೆ ಬೇಡ ಎಂದರು. ಅವರು ಸೊಸೆಯಾಗಿ ಬಂದಾಗ ಮನೆಯಲ್ಲಿ ಹನ್ನೆರಡು ಜನರಂತೆ. ನೆಂಟರು ಬಂದ ದಿನ ಒಂದೇ ಹುಂಜ. ಅತ್ತೆ ಅದನ್ನು ಕೊಯ್ದು, ಯಾರಿಗೂ ಕಡಿಮೆಯಾಯಿತು ಅನ್ನಿಸದ ಹಾಗೆ ಬಡಿಸುತ್ತಿದ್ದರಂತೆ.

"ಹೆಂಗರಿ ಅಮ್ಮಾ?"

"ಸಾರು ಜಾಸ್ತಿ, ಮುದ್ದೆ ದೊಡ್ಡದು" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮತ್ತೆ ನಾನು, ನನ್ನ ಓರಗಿತ್ತಿ, ಸಾರಷ್ಟೇ ಉಯ್ಕೊಂಡು ಎದ್ದು ಹೋಗ್ತಿದ್ವಿ. ಅದನ್ಯಾರೂ ನೋಡ್ತಿರ್ಲಿಲ್ಲ. ನೀನು ಹಂಗೆ ಮಾಡ್ಬೇಡ" ಎಂದರು.

ಆ ಮಾತು ನನಗೆ ಅರ್ಥವಾಗಲು ಕೆಲವು ವಾರ ಬೇಕಾಯಿತು.

ಮಂಗಳವಾರ ಕಾಲು, ರೆಕ್ಕೆಗಳ ಸಾರು. ತೆಂಗಿನಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ ರುಬ್ಬಿ ಹಾಕಿ, ಎರಡು ನವಿಲುಕೋಸು, ಎರಡು ಆಲೂಗಡ್ಡೆ ಬೆರೆಸಿದರೆ ದೊಡ್ಡ ಪಾತ್ರೆ ತುಂಬುತ್ತಿತ್ತು. ನವಿಲುಕೋಸು ಕೋಳಿಯ ರಸ ಕುಡಿದು ಕುಡಿದು ಕೊನೆಗೆ ಅದೇ ರುಚಿಯಾಗುತ್ತದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಮರುದಿನ ಬೆಳಗ್ಗೆ ಉಳಿದ ಸಾರನ್ನು ಕುದಿಸಿ, ಮೂರು ಮೊಟ್ಟೆ ಒಡೆದು ಬಿಟ್ಟರೆ ಮಕ್ಕಳಿಗೆ ಅದು ಹೊಸ ಅಡಿಗೆ. ಬುಧವಾರ ಎದೆಯ ಮಾಂಸ. ಅದನ್ನು ಬಟಾಣಿ ಕಾಳಿನಷ್ಟು ಸಣ್ಣಗೆ ಹೆಚ್ಚಿ, ಅರ್ಧ ಎಲೆಕೋಸಿನ ಜೊತೆ ಹುರಿದು ಪಲ್ಯ ಮಾಡುತ್ತಿದ್ದೆ. ನಾಲ್ಕು ಜನರ ಚಪಾತಿಗೆ ಸಾಕಾಗಿ, ಮರುದಿನ ಹೆಂಡತಿಯ ಡಬ್ಬಿಗೂ ಉಳಿಯುತ್ತಿತ್ತು. ಗುರುವಾರ ಮೂಳೆ. ಅಂಗಡಿಯವನು ಬುಟ್ಟಿಗೆ ಎಸೆಯುತ್ತಿದ್ದ ಪಾದಗಳನ್ನೂ ಓನರಮ್ಮ ಹೇಳಿದಂತೆ ಕೇಳಿ ಇಸಿದುಕೊಂಡು ಬರುತ್ತಿದ್ದೆ. ಅವುಗಳ ಜೊತೆ ಬೆನ್ನು, ಕತ್ತನ್ನು ಕುಕ್ಕರಿನಲ್ಲಿ ಒಂದು ತಾಸು ಬೇಯಿಸಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿದರೆ, ಅನ್ನಕ್ಕೆ ಕಲಸಲು ಅದಕ್ಕಿಂತ ಬೇರೇನೂ ಬೇಡ. ಈಲಿ, ಅಂದರೆ ಲಿವರ್, ಮಾತ್ರ ಮಂಗಳವಾರ ಮಧ್ಯಾಹ್ನವೇ, ಈರುಳ್ಳಿಯ ಜೊತೆ ಹುರಿದು, ನನಗೂ ಮಗನಿಗೂ.

ಎಲ್ಲ ವಾರವೂ ಹೀಗೆ ಸರಾಗವಾಗಿ ನಡೆಯಿತು ಎಂದಲ್ಲ. ಒಂದು ಗುರುವಾರ ಕುಕ್ಕರ್ ಒಲೆಯ ಮೇಲಿಟ್ಟು, ಕೆಲಸದ ಜಾಹೀರಾತು ಓದುತ್ತ ಕೂತು, ತಳ ಹಿಡಿಸಿದೆ. ಇನ್ನೊಂದು ಬುಧವಾರ ಹಗಲೆಲ್ಲ ಕರೆಂಟಿಲ್ಲದೆ ಡಬ್ಬಿಯ ವಾಸನೆ ಬದಲಾಗಿತ್ತು. ಓನರಮ್ಮ ಮೂಸಿ ನೋಡಿ, ಅದನ್ನು ಬೀದಿ ನಾಯಿಗೆ ಹಾಕಿ ಬಂದರು. ಆ ದಿನ ನನಗಾದ ದುಃಖ ಪ್ರೆಸ್ಸು ಮುಚ್ಚಿದ ದಿನಕ್ಕಿಂತ ಹೆಚ್ಚು ಎಂದರೆ ನಂಬುವುದು ಕಷ್ಟ. ಆ ಮಾಂಸ ನಾನು ಕೈಯಾರೆ ಬಿಡಿಸಿಟ್ಟದ್ದಾಗಿತ್ತು, ಅದಕ್ಕೇ ಇರಬೇಕು.

ಕೋಳಿಗೆ ಎರಡೇ ಕಾಲು. ನಮಗೆ ಎರಡು ಮಕ್ಕಳು. ಮಂಗಳವಾರ ರಾತ್ರಿ ಬಡಿಸುವಾಗ ನಾನು ಯೋಚನೆಯನ್ನೇ ಮಾಡದೆ ತಲಾ ಒಂದು ಕಾಲನ್ನು ಮಕ್ಕಳ ತಟ್ಟೆಗೆ ಹಾಕುತ್ತಿದ್ದೆ. ಮಂಗಳವಾರದ ಕೋಳಿ ಶುರುವಾದ ಎರಡನೇ ತಿಂಗಳಿರಬೇಕು, ಒಂದು ರಾತ್ರಿ ಮಗಳು ತನ್ನ ತಟ್ಟೆಯ ಕಾಲನ್ನು ಎತ್ತಿ ಅವಳ ಅಮ್ಮನ ತಟ್ಟೆಗೆ ಹಾಕಿದಳು.

"ಯಾಕವ್ವಾ, ಬ್ಯಾಡೇನು?" ಎಂದೆ.

"ಅಮ್ಮ ಬೆಳಗ್ಗಿಂದ ಕೆಲ್ಸ ಮಾಡಿ ಬಂದಿದ್ದಾಳೆ. ನಾನು ಸ್ಕೂಲಲ್ಲಿ ಸುಮ್ನೆ ಕೂತಿದ್ದೆ."

ಹೆಂಡತಿ ಅದನ್ನು ಮಗಳಿಗೆ ವಾಪಸ್ಸು ಹಾಕಲು ಹೋದಳು, ಮಗಳು ತಟ್ಟೆ ಮುಚ್ಚಿಕೊಂಡಳು. ನಾನು ಹೆಂಡತಿಯ ತಟ್ಟೆ ನೋಡಿದೆ. ಸಾರು, ಆಲೂಗಡ್ಡೆ, ಒಂದು ರೆಕ್ಕೆಯ ತುದಿ. ಅಷ್ಟು ವಾರ ಅವಳ ತಟ್ಟೆಗೆ ಏನು ಬೀಳುತ್ತಿದೆ ಎಂದು ನಾನು ನೋಡಿರಲೇ ಇಲ್ಲ, ಬಡಿಸುತ್ತಿದ್ದವನು ನಾನೇ ಆಗಿದ್ದರೂ. ಓನರಮ್ಮ ಕಲ್ಲಿನ ಬಳಿ ಕೂತು ಹೇಳಿದ್ದು ಇದನ್ನೇ. ಅಂದಿನಿಂದ ಕಾಲುಗಳಿಗೆ ಪಾಳಿ ಮಾಡಿದೆ. ನನ್ನ ಪಾಳಿಯನ್ನು ಮಗ ಮಾತ್ರ ಒಪ್ಪುತ್ತಿರಲಿಲ್ಲ.

ಹೆಂಡತಿ ಆ ದಿನಗಳಲ್ಲಿ ಅಡಿಗೆಯ ಬಗ್ಗೆ ಒಳ್ಳೆಯದನ್ನೂ ಅನ್ನುತ್ತಿರಲಿಲ್ಲ, ಕೆಟ್ಟದನ್ನೂ ಅನ್ನುತ್ತಿರಲಿಲ್ಲ. ಕೈ ತೊಳೆದು ಕೂತು, ಉಂಡು, ಮಲಗುತ್ತಿದ್ದಳು. ಒಮ್ಮೆ ಮಾತಿಗೆ ಮಾತು ಬಂದು, ಅವಳ ಸಾಲಿನ ಹೆಂಗಸರು ಊಟದ ಹೊತ್ತಿಗೆ ಡಬ್ಬಿ ಹಂಚಿಕೊಳ್ಳುತ್ತಾರೆ, ಎಲೆಕೋಸಿನ ಪಲ್ಯ ಎಲ್ಲರಿಗೂ ಹಿಡಿಸಿದೆ ಎಂದಳು.

"ಯಾರು ಮಾಡಿದ್ದು ಅಂತ ಕೇಳಿದ್ರೇನು?"

"ಕೇಳಿದ್ರು."

"ಏನಂದಿ?"

ಅವಳು ಡಬ್ಬಿಯ ಮುಚ್ಚಳ ಒರೆಸುತ್ತ ಹೇಳಿದಳು. "ನಮ್ಮ ಅತ್ತಿ ಬಂದಾರ, ಅವರು ಮಾಡ್ತಾರ ಅಂದೆ."

ನನಗೆ ಚಾಕು ತಾಗಿದ ಹಾಗಾಯಿತು. ಆದರೆ ಅವಳ ಮೇಲೆ ರೇಗುವ ಮುಖ ನನಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಮೂಲೆಯ ಎಸ್‌ಟಿಡಿ ಬೂತಿನಿಂದ ನಾನು ಊರಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಫೋನಿದ್ದ ಕಿರಾಣಿ ಅಂಗಡಿಯವರು ಅವ್ವನನ್ನು ಕರೆಸುತ್ತಿದ್ದರು. "ಆಫೀಸು ಹೆಂಗ ನಡದೈತಿ?" ಎಂದು ಅವಳು ಕೇಳುವುದು, "ಛಲೋ ನಡದೈತಿ" ಎಂದು ನಾನು ಹೇಳುವುದು. ಹೊರಗೆ ಬಂದು, ಮಧ್ಯಾಹ್ನದ ಸಾರಿಗೆ ಟೊಮೆಟೊ ಆರಿಸುವುದು. ನಾನೂ ಹೆಂಡತಿಯೂ ಒಂದೇ ಸುಳ್ಳನ್ನು ಎರಡು ಕಡೆಯಿಂದ ಹೇಳುತ್ತಿದ್ದೆವು.

ಪ್ರೆಸ್ಸು ಮುಚ್ಚಿ ಎಂಟನೇ ತಿಂಗಳಿನಲ್ಲಿ ಅವ್ವ ಹೇಳದೆ ಕೇಳದೆ ಬಂದಳು. ಊರಿನವರೊಬ್ಬರು ಮದುವೆಗೆ ಬೆಂಗಳೂರಿಗೆ ಹೊರಟಿದ್ದರಂತೆ, ಜೊತೆ ಸಿಕ್ಕಿತೆಂದು ಹೊರಟುಬಿಟ್ಟಿದ್ದಳು. ಗೇಟಿನ ತನಕ ಬಿಟ್ಟು ಅವರು ಹೋದರು. ಅವತ್ತು ಮಂಗಳವಾರ, ಬೆಳಗ್ಗೆ ಹತ್ತೂವರೆ. ನಾನು ಲುಂಗಿ ಮೇಲೆತ್ತಿ ಕಟ್ಟಿ, ಹೆಗಲಿಗೆ ಟವಲು ಹಾಕಿಕೊಂಡು, ಹಿತ್ತಲಿನ ಕಲ್ಲಿನ ಮೇಲೆ ಕೋಳಿಯ ಎದೆ ಬಿಡಿಸುತ್ತಿದ್ದೆ. ಮಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ತಲೆ ಎತ್ತಿದರೆ ಅವ್ವ, ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಚಟ್ನಿಪುಡಿಯ ಡಬ್ಬಿ.

"ಇವತ್ತ ಮಂಗಳವಾರ ಅಲ್ಲೇನೋ? ಆಫೀಸಿಲ್ಲೇನು?"

ರಜೆ ಎನ್ನುವ ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಓನರಮ್ಮ ತಮ್ಮ ಬಾಗಿಲಿನಿಂದ ಆಚೆ ಬಂದು, ಇವಳು ಯಾರೆಂದು ಗೊತ್ತಾದ ಖುಷಿಗೆ ಎರಡೂ ಕೈ ಚಾಚಿದರು.

"ಬನ್ನೀ ಬನ್ನೀ! ಈ ಮಗುನ ಅಜ್ಜಿನಾ? ನಿಮ್ಮ ಮಗ ಕೋಳಿ ಬಿಡಿಸೋದ್ರಲ್ಲಿ ನನ್ನೇ ಮೀರಿಸ್ಬಿಟ್ಟ ಕಣಮ್ಮ. ಮಂಗಳವಾರ ಬಂತು ಅಂದ್ರೆ ಇದೇ ಕೆಲ್ಸ, ಒಂದು ವಾರ ತಪ್ಪಿಸಿಲ್ಲ."

ಅವ್ವ ಅವರಿಗೆ ಕೈಮುಗಿದಳು. ನನ್ನ ಕಡೆ ನೋಡಲಿಲ್ಲ. ನಲ್ಲಿಯಲ್ಲಿ ಕಾಲು ತೊಳೆದು, ಒಳಗೆ ಹೋಗಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾನು ಕೊಟ್ಟ ನೀರನ್ನು ಪೂರ್ತಿ ಕುಡಿದು ಚೊಂಬು ಕೆಳಗಿಟ್ಟಳು.

"ಎಷ್ಟ ದಿನಾ ಆತು?"

"ಎಂಟ ತಿಂಗಳಾತು, ಯವ್ವಾ."

"ಫೋನಿನ್ಯಾಗ ಛಲೋ ನಡದೈತಿ ಅಂತಿದ್ದಿ."

"ನೀ ಚಿಂತಿ ಮಾಡ್ತಿ ಅಂತ..."

"ಈಗ ಮಾಡಂಗಿಲ್ಲೇನು?"

ಅಷ್ಟೇ. ಎದ್ದು, ನನ್ನ ಹಿಂದೆಯೇ ಹಿತ್ತಲಿಗೆ ಬಂದು, ನನ್ನ ಕೈಯಿಂದ ಚಾಕು ತಗೊಂಡಳು. "ಸರಿ ಅತ್ತಾಗ. ನಾ ಮಾಡ್ತೀನಿ."

ಅವ್ವ ಆ ಇಡೀ ಕೋಳಿಯನ್ನು ಅದೇ ದಿನ ಮಾಡಿದಳು. ಎದೆ, ಕಾಲು, ಬೆನ್ನು ಎಲ್ಲ ಒಟ್ಟಿಗೆ, ಊರಿನಿಂದ ತಂದ ಖಾರದಪುಡಿ ಹಾಕಿ, ಎಣ್ಣೆ ಮೇಲೆ ತೇಲುವಂತೆ. ಬೇರೆ ಬೇರೆ ಡಬ್ಬಿಗಳ ಲೆಕ್ಕಾಚಾರ ಹೇಳಲು ಹೋದರೆ ಕೇಳಿಸಿಕೊಳ್ಳಲಿಲ್ಲ. ಕೋಳಿ ಕೊಯ್ದ ದಿನ ಮನೆಮಂದಿ ಹೊಟ್ಟೆ ತುಂಬ ಉಣ್ಣದಿದ್ದರೆ ಕೊಯ್ದದ್ದಾದರೂ ಯಾಕೆ ಎಂದಳು. ಆ ರಾತ್ರಿ ನಾನು ಎಷ್ಟೋ ವರ್ಷಗಳ ನಂತರ ನಮ್ಮೂರಿನ ರುಚಿ ಉಂಡೆ. ಮೂಗು ಸೋರಿತು, ಕಣ್ಣು ಸೋರಿತು, ಕೈ ಮಾತ್ರ ನಿಲ್ಲಲಿಲ್ಲ. ಎಲ್ಲರೂ ಎರಡು ಸಲ ಬಡಿಸಿಕೊಂಡೆವು. ಪಾತ್ರೆ ಖಾಲಿಯಾಯಿತು.

ಬುಧವಾರ ಬದನೆಕಾಯಿ, ಗುರುವಾರ ಬರೀ ಬೇಳೆ. ಹೆಂಡತಿಯ ಡಬ್ಬಿಯಲ್ಲಿ ಮೊಸರನ್ನ. ಅವ್ವ ಇದ್ದ ದಿನಗಳಲ್ಲಿ ನಾನು ಒಲೆಯ ಹತ್ತಿರ ಹೋಗಲಿಲ್ಲ. ಹೋಗಲು ಅವಳು ಬಿಡಲಿಲ್ಲ. ಬೆಳಗ್ಗೆ ನಾನು ಕಸ ಗುಡಿಸಲು ಪೊರಕೆ ಹಿಡಿದರೆ ಅದನ್ನೂ ಕಸಿದುಕೊಳ್ಳುತ್ತಿದ್ದಳು. ಸೊಸೆಗೆ ನೇರವಾಗಿ ಏನೂ ಅನ್ನಲಿಲ್ಲ. ಆದರೆ ಪಾತ್ರೆ ತಿಕ್ಕುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ, "ಇವರಪ್ಪಗ ಚಾ ಕಾಸೂದೂ ಗೊತ್ತಿರಲಿಲ್ಲ. ಒಂದ ದಿನಾ ಕಾಸಿಸಲೂ ಇಲ್ಲ ನಾ" ಎನ್ನುತ್ತಿದ್ದಳು. ಹೆಂಡತಿಗೆ ಅದು ಕೇಳಿಸುತ್ತಿತ್ತು. ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋಗುತ್ತಿದ್ದಳು.

ಮುಂದಿನ ಸೋಮವಾರ ಸಂಜೆ ಹೆಂಡತಿ ಬಂದು, ಮುಖ ತೊಳೆದು, ಅವ್ವನ ಎದುರು ಕೂತಳು. ಅವಳ ತೋರುಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು, ಮಷಿನ್ನಿನ ಸೂಜಿ ಇಳಿದಿತ್ತು ಆ ದಿನ. ನಾನು ಬಾಗಿಲಲ್ಲಿ ನಿಂತಿದ್ದೆ.

"ಅತ್ತಿ, ನಿಮ್ಮ ಕೈ ರುಚಿ ಯಾರಿಗೂ ಬರಂಗಿಲ್ಲ, ಖರೆ. ಆದ್ರ ನಾಳಿ ಮಂಗಳವಾರ. ನಾಳಿ ಅಡಿಗಿ ಇವರು ಮಾಡ್ಲಿ."

ಅವ್ವ ತಲೆ ಎತ್ತಿದಳು. "ಯಾಕ, ನಾ ಇಲ್ಲೇನು?"

"ನನಗ ಮೂರ ದಿನದ ಡಬ್ಬಿ ಬೇಕ್ರಿ, ಅತ್ತಿ. ಮುಂಜಾನಿಂದ ಸಂಜಿಮಟಾ ಮಷಿನ್ ಮುಂದ ಕುಂದ್ರಬೇಕು. ಮೊಸರನ್ನ ಉಂಡ್ರ ಮೂರಕ್ಕ ಕೈ ನಡಗ್ತಾವ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. "ಮತ್ತ... ಇವರು ಛಲೋ ಮಾಡ್ತಾರ."

ಆ ಎಂಟು ತಿಂಗಳಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದು. ನಾನು ಸುಮ್ಮನೆ ಹೊರಗೆ ಹೋಗಿ, ಅಗತ್ಯವಿಲ್ಲದಿದ್ದರೂ ಸಂಪಿನ ಮುಚ್ಚಳ ತೆಗೆದು ನೀರು ನೋಡಿ ಬಂದೆ.

ಒಳಗೆ ಬಂದಾಗ ಅವ್ವ ಸೊಸೆಯ ಬೆರಳಿನ ಪಟ್ಟಿ ನೋಡುತ್ತಿದ್ದಳು. ಹೆಂಡತಿ ಮುಂದುವರಿಸಿದಳು. ಅದನ್ನು ಹೇಳುವ ಅಗತ್ಯ ಅವಳಿಗಿರಲಿಲ್ಲ. ಆದರೂ ಹೇಳಿದಳು.

"ಗಾರ್ಮೆಂಟ್ಸಿನ್ಯಾಗ ಎಲ್ಲಾರೂ ಡಬ್ಬಿ ಛಲೋ ಐತಿ ಅಂತಾರ. ನಾ ಅವರಿಗೆ ನಮ್ಮತ್ತಿ ಮಾಡಿದ್ದು ಅಂತ ಹೇಳೇನ್ರಿ. ಗಂಡ ಮಾಡ್ತಾನ ಅನ್ನಾಕ ಬಾಯಿ ಬರಲಿಲ್ಲ. ಅದು ನಂದಽ ತಪ್ಪು."

ಅವ್ವನ ಮುಖ ಏನಾಗುತ್ತದೋ ಎಂದು ನಾನು ನೋಡುತ್ತಿದ್ದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಭುಜ ಕುಣಿಯತೊಡಗಿತು. ನಗುತ್ತಿದ್ದಳು. ಬಂದು ಒಂದು ವಾರದಲ್ಲಿ ಮೊದಲ ಸಲ.

"ನಾ ಊರಾಗ ಇದ್ದಾಗೂ ನಾನಽ ಮಾಡ್ತಿದ್ದೆ ಅಂದಂಗಾತು!" ಎಂದು ನನ್ನ ಕಡೆ ತಿರುಗಿದಳು. "ಹಂಗಿದ್ರ ನೆಟ್ಟಗ ಮಾಡೋ. ನನ್ನ ಹೆಸರು ಕೆಡಿಸಬ್ಯಾಡ."

ಮಂಗಳವಾರ ಅವ್ವ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ನಾನು ಕೀಲು ಬಿಡಿಸುವುದನ್ನು ನೋಡಿದಳು. ಓನರಮ್ಮ ಇನ್ನೊಂದು ಮೆಟ್ಟಿಲ ಮೇಲೆ. ಇಬ್ಬರ ಕನ್ನಡ ಒಬ್ಬರಿಗೊಬ್ಬರಿಗೆ ಅರ್ಧ ಅರ್ಧ ಅರ್ಥವಾಗುತ್ತಿತ್ತು, ಆದರೂ ಮಾತು ನಿಲ್ಲಲಿಲ್ಲ. ನನ್ನ ನವಿಲುಕೋಸಿನ ಸಾರು ಅವ್ವನಿಗೆ ಸಪ್ಪೆ ಅನ್ನಿಸಿತು. ಅದನ್ನು ಮುಚ್ಚಿಡಲಿಲ್ಲ. ಬುಧವಾರದ ಪಲ್ಯವನ್ನು ಸುಮ್ಮನೆ ಉಂಡಳು. ಗುರುವಾರ ಮೂಳೆಯ ಸಾರನ್ನು ರೊಟ್ಟಿಯ ಮೇಲೆ ಸುರಿದುಕೊಂಡು, ಇನ್ನೊಂದು ಸೌಟು ಹಾಕು ಎಂದಳು. ಒಳ್ಳೆಯದಾಗಿದೆ ಎನ್ನಲಿಲ್ಲ.

ಶುಕ್ರವಾರ ಅವಳನ್ನು ಬಸ್ಸು ಹತ್ತಿಸಲು ಹೋದೆ. ಕಿಟಕಿಯ ಪಕ್ಕ ಕೂತು, ಗಂಟನ್ನು ಕಾಲ ಕೆಳಗೆ ಭದ್ರ ಮಾಡಿಕೊಂಡು, ಹೊರಗೆ ನಿಂತ ನನ್ನನ್ನು ನೋಡಿದಳು.

"ಊರಾಗ ನಾ ಏನೂ ಹೇಳಂಗಿಲ್ಲ. ನೌಕರಿ ಸಿಕ್ಕ ದಿನಾ ನೀನಽ ಫೋನ್ ಮಾಡಿ ಹೇಳು."

"ಆತು."

"ನನಗ ಇದು ಮನಸ್ಸಿಗೆ ಬರಂಗಿಲ್ಲೋ, ತಮ್ಮಾ. ಬರತೈತಿ ಅಂತ ಸುಳ್ಳ ಹೇಳಂಗಿಲ್ಲ. ಆದ್ರ ಆಕಿ ಕೈ ನೋಡಿದೆ ನಾ. ನೀ ಮಾಡೂದು ಬಿಡಬ್ಯಾಡ."

ಬಸ್ಸು ಹೊರಟಿತು. ಅವಳು ಒಪ್ಪಲಿಲ್ಲ, ಆದರೂ ಬಿಡಬೇಡ ಎಂದಳು. ಅವತ್ತು ಅದನ್ನು ನಾನು ಅರ್ಧ ಸೋಲು ಎಂದುಕೊಂಡೆ. ಈಗ ಅವಳ ವಯಸ್ಸಿಗೆ ಹತ್ತಿರವಾಗುತ್ತಿರುವಾಗ, ತನಗೆ ಹಿಡಿಸದ್ದನ್ನು ಮಾಡು ಎಂದು ಮಗನಿಗೆ ಹೇಳುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತಿದೆ.

ಆಮೇಲೆ ಇನ್ನೂ ಆರು ತಿಂಗಳು ನಾನು ಮನೆಯಲ್ಲೇ ಇದ್ದೆ. ಆ ನಡುವೆ ಒಂದು ಭಾನುವಾರ ಹೆಂಡತಿ ತನ್ನ ಸಾಲಿನ ಇಬ್ಬರು ಹೆಂಗಸರನ್ನು ಊಟಕ್ಕೆ ಕರೆದಳು. ಅಡಿಗೆಮನೆಯಿಂದ ನಾನು ಪಾತ್ರೆ ಎತ್ತಿಕೊಂಡು ಬಂದಾಗ ಅವರು ಅತ್ತೆಯನ್ನು ಹುಡುಕುತ್ತ ಅತ್ತಿತ್ತ ನೋಡಿದರು. "ಇವರಽ ನಮ್ಮತ್ತಿ" ಎಂದಳು ಹೆಂಡತಿ. ಇಬ್ಬರೂ ನನ್ನ ಕೈಯ ಪಾತ್ರೆಯನ್ನು ನೋಡಿದರು. ಆಮೇಲೆ ಅವರಲ್ಲೊಬ್ಬರು ನಗು ತಡೆಯಲಾರದೆ ಕೆಮ್ಮಿ, "ಅಣ್ಣ, ನಮ್ ಮನೆಯೋರ್ನ ನಿಮ್ಮತ್ರ ಟ್ರೈನಿಂಗ್‌ಗೆ ಕಳಿಸ್ತೀನಿ" ಎಂದರು.

ಕೊನೆಗೆ ಜೆ.ಪಿ. ನಗರದ ಒಂದು ಕಡೆ ಶಾಲಾ ಪುಸ್ತಕಗಳ ಕರಡು ತಿದ್ದುವ ಕೆಲಸ ಸಿಕ್ಕಿತು. ಊರಿಗೆ ಫೋನ್ ಮಾಡಿ ಹೇಳಿದೆ. ಹೆಂಡತಿ ಗಾರ್ಮೆಂಟ್ಸ್ ಬಿಡಲಿಲ್ಲ, ಕೆಲವು ವರ್ಷಗಳಲ್ಲಿ ಅವಳ ಸಾಲಿಗೇ ಸೂಪರ್‌ವೈಸರ್ ಆದಳು. ನಾನು ಆ ಹೊಸ ಕೆಲಸಕ್ಕೆ ಮೊದಲ ದಿನ ಹೊರಟಾಗ ನನಗೆ ಸಂತೋಷಕ್ಕಿಂತ ಗಲಿಬಿಲಿಯೇ ಹೆಚ್ಚು. ಹತ್ತರಿಂದ ಹನ್ನೆರಡರವರೆಗೆ, ಒಲೆಯ ಮೇಲೆ ಏನೋ ಕುದಿಯುತ್ತ, ಮಗ ಈರುಳ್ಳಿ ಸಿಪ್ಪೆಯಲ್ಲಿ ದೋಣಿ ಮಾಡುತ್ತ ಕೂತಿರುತ್ತಿದ್ದ ಆ ಹೊತ್ತು ಇನ್ನು ನನ್ನದಲ್ಲ ಎನ್ನುವುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಮಗಳ ಜೊತೆ ನಾನು ಹಾಗೆ ಒಂದು ದಿನವೂ ಕಳೆದಿರಲಿಲ್ಲ. ಮಗಳು ನಡೆಯಲು ಕಲಿತದ್ದನ್ನೂ ನಾನು ಸಂಜೆ ಮನೆಗೆ ಬಂದು ಕೇಳಿ ತಿಳಿದವನು.

ಓನರಮ್ಮನ ಮನೆಯನ್ನು ಅವರ ಮಗ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವ ಹೊತ್ತಿಗೆ ನಾವು ಕೋಣನಕುಂಟೆಗೆ ಬಂದೆವು. ಅಲ್ಲಿ ಮನೆ ಹುಡುಕಿ ಕೊಟ್ಟವರೂ ಓನರಮ್ಮನೇ, ಅವರ ದೂರದ ನೆಂಟರ ಮನೆ. ಅವರು ಬದುಕಿರುವ ತನಕ ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟಕ್ಕೆ ನಮಗೆ ಕರೆ ಬರುತ್ತಿತ್ತು. ಹೋದಾಗಲೆಲ್ಲ ಸೊಸೆಯನ್ನು ಪಕ್ಕಕ್ಕೆ ಸರಿಸಿ, ಚಾಕು ನನ್ನ ಕೈಗೆ ಕೊಡುತ್ತಿದ್ದರು.

ಮಗ ಕಾಲೇಜಿಗೆ ಸೇರಿದ ವರ್ಷ, ಮನೆಗೆ ಬಂದಿದ್ದ ಗೆಳೆಯನಿಗೆ ತನ್ನ ಬಾಲ್ಯದ ಬಗ್ಗೆ ಏನೋ ಹೇಳುತ್ತಿದ್ದ. ನಾನು ಒಳಗೆ ಪೇಪರ್ ಓದುತ್ತಿದ್ದೆ.

"ಬಿಟಿಎಂ ಮನೇಲಿದ್ದಾಗ ಸಖತ್ತಾಗಿತ್ತು ಮಗಾ. ವಾರ ಪೂರ್ತಿ ಕೋಳಿ. ಮಂಗಳವಾರ ಸಾರು, ಆಮೇಲೆ ಪಲ್ಯ, ಆಮೇಲೆ ಸೂಪು. ನಾವು ಫುಲ್ ಶ್ರೀಮಂತ್ರು ಅನ್ಕೊಂಡಿದ್ದೆ ನಾನು."

ಹೆಂಡತಿ ಅಡಿಗೆಮನೆಯಿಂದ ಇಣುಕಿ ನನ್ನ ಕಡೆ ನೋಡಿದಳು. ಅವನಿಗೆ ನಿಜ ಹೇಳಬೇಕೋ ಬೇಡವೋ ಎಂದು ಕಣ್ಣಲ್ಲೇ ಕೇಳಿದಳು. ನಾನು ಪೇಪರಿನ ಪುಟ ತಿರುವಿದೆ. ಅವಳೂ ಒಳಗೆ ಹೋದಳು.